ರಿಪ್ಪನ್‌ಪೇಟೆ ಬೆಂಚಿನ ಯುದ್ಧತಂತ್ರ

ನಮ್ಮ ಹೊಲಿಗೆ ಅಂಗಡಿಯ ಮುಂದೆ ಒಂದು ಬೆಂಚಿದೆ. ರಿಪ್ಪನ್‌ಪೇಟೆಯಲ್ಲಿ ಬಸ್ಸಿಗೆ ಕಾಯುವವರು ಅದರ ಮೇಲೆ ಕೂತು ಯಾವ ದೇಶದ ಸರ್ಕಾರವನ್ನು ಬೇಕಾದರೂ ಬೀಳಿಸುತ್ತಾರೆ, ಬಸ್ಸು ಬಂದರೆ ಹಾಗೇ ಬಿಟ್ಟು ಹತ್ತಿಕೊಳ್ಳುತ್ತಾರೆ. ನಾನು ಬ್ಲೌಸ್ ಹೊಲಿಯುತ್ತಾ ಕೇಳಿ ನಗುತ್ತಿದ್ದೆ. ಆದರೆ ಆ ಸಲ ನಿಜವಾಗಿಯೇ ಒಂದು ಸರ್ಕಾರ ಬಿತ್ತು, ನಮ್ಮಣ್ಣ ಅಲ್ಲೇ ಇದ್ದ. ದೇಶದ ಹೆಸರು ಬೇಡ. ಕೇಳಿದರೆ ಅಮ್ಮ ಈಗಲೂ ಫೋನ್ ಹುಡುಕುತ್ತಾಳೆ.

೧. ಮಂಗಳವಾರ

ಅಣ್ಣ ಅಲ್ಲಿನ ರಾಜಧಾನಿಯ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದ. ಒಂದು ಬೆಳಿಗ್ಗೆ ಅಧ್ಯಕ್ಷ ವಿಮಾನ ಹತ್ತಿ ಹೋದನಂತೆ, ಸೈನಿಕರು ಸಮವಸ್ತ್ರ ಕಳಚಿಟ್ಟು ಮಾಯವಾದರಂತೆ ಎಂದು ಸುದ್ದಿ ಬಂತು. ಬೇಕರಿಯ ಶಟರ್ ಎಳೆದುಕೊಂಡು ಒಳಗಿದ್ದೇವೆ ಎಂಬ ಅಣ್ಣನ ಮೆಸೇಜೇ ಕೊನೆ. ಆಮೇಲೆ ಫೋನ್ ಹೋಗಲೇ ಇಲ್ಲ. ಮನೆಯಲ್ಲಿ ಒಬ್ಬಳೇ ಕೂರಲಾಗದೆ ಅಮ್ಮ ಅಂಗಡಿಗೆ ಬಂದಳು.

ಬೆಂಚಿನ ಕಾಯಂ ಗಿರಾಕಿ ಒಬ್ಬರು ವಿಮೆ ಏಜೆಂಟರು. ತಾಳಮದ್ದಳೆಯಲ್ಲಿ ಕೂತು ಪಾತ್ರದ ಪರವಾಗಿ ವಾದಿಸಿ ಅರ್ಥ ಹೇಳುವವರು. ಇವತ್ತು ಒಂದು ಪಕ್ಷ, ನಾಳೆ ಎದುರು ಪಕ್ಷ, ಎರಡನ್ನೂ ಗೆಲ್ಲಿಸಬಲ್ಲರು. ಅಷ್ಟು ದೊಡ್ಡ ಸೈನ್ಯ ಒಂದು ಗುಂಡೂ ಹಾರಿಸದೆ ಓಡುತ್ತದೆಯೇ, ಇದು ತಂತ್ರ, ಜನರೆಲ್ಲ ಬೀದಿಗೆ ಬರಲಿ ಎಂದು ಅಡಗಿದ್ದಾರೆ, ಆಮೇಲೆ ಸುತ್ತುವರಿಯುತ್ತಾರೆ ಎಂದರು. ಯಾವಾಗ ಎಂದು ಅಮ್ಮ ಕೇಳಿದಳು. ಅವರು ಕಣ್ಣು ಮುಚ್ಚಿ ಯೋಚಿಸಿ ಮಂಗಳವಾರ ಎಂದರು. ಅಮ್ಮ ಅಳತೊಡಗಿದಳು. ಏಜೆಂಟರಿಗೆ ಕರುಳು ಚುರುಕ್ ಎಂದಿರಬೇಕು, ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಮಗನ ಹೆಸ್ರಲ್ಲಿ ಪಾಲಿಸಿ ಏನಾದ್ರೂ ಇದ್ಯಾ ಅಮ್ಮಾ?"

೨. ಸುರಂಗ

ಕೈಗೆ ಕೆಲಸವಿದ್ದರೆ ಮನಸ್ಸು ನಿಲ್ಲುತ್ತದೆ ಎಂದು ಅಮ್ಮನಿಗೆ ಹುಕ್ ಹಾಕಲು ಕೊಟ್ಟೆ. ಒಂದು ಕಡೆ ಕುಣಿಕೆ ಬಿಡುವುದು ಮರೆತು ಮದುವೆ ಬ್ಲೌಸಿನ ಎರಡೂ ಪಟ್ಟಿಗೆ ಹುಕ್ಕೇ ಹಾಕಿಟ್ಟಳು. ಮೇಳಿಗೆ ಊರಿನಿಂದ ಬಂದ ಮದುಮಗಳ ತಾಯಿ ಅದನ್ನು ನೋಡಿ ಕೆಂಡವಾದರು. ವಿಷಯ ಹೇಳಿದೆ. ತಕ್ಷಣ ಅವರ ಸಿಟ್ಟು ಇಳಿಯಿತು, ಅಮ್ಮನ ಕೈ ಹಿಡಿದು ಕೂತರು. ಹಾರಿದ್ದು ಖಾಲಿ ವಿಮಾನವಂತೆ, ಅಧ್ಯಕ್ಷ ಊರ ಕೆಳಗೇ ಸುರಂಗದಲ್ಲಿ ಸೈನ್ಯ ಕಟ್ಟುತ್ತಿದ್ದಾನಂತೆ, ತಮ್ಮ ಯಜಮಾನರು ಹೇಳಿದರು ಎಂದರು. ನಾನು ಹುಕ್ ಬಿಚ್ಚಿ ಸರಿ ಮಾಡಿಕೊಟ್ಟೆ. ಅವರು ಬ್ಲೌಸ್ ತೆಗೆದುಕೊಂಡು ಹೋದರು, ಸುರಂಗವನ್ನು ಅಮ್ಮನ ಹತ್ತಿರ ಬಿಟ್ಟುಹೋದರು. ಅದು ಬೇಕರಿ ಕೆಳಗೇನಾದರೂ ಬರುತ್ತದೆಯೇ ಎಂದು ಅಮ್ಮ ಸಂಜೆಯವರೆಗೂ ನನ್ನನ್ನೇ ಕೇಳಿದಳು.

೩. ಎದುರು ಪಕ್ಷ

ನನಗೂ ಹೆದರಿಕೆಯೇ. ಅದೇ ಸಿಟ್ಟಾಗಿ ಏಜೆಂಟರ ಮೇಲೆ ಹೋಯಿತು. ಧೈರ್ಯ ಹೇಳುವುದಾದರೆ ಕೂರಿ, ಇಲ್ಲದಿದ್ದರೆ ಬೆಂಚು ಒಳಗಿಡುತ್ತೇನೆ ಎಂದೆ. ಪಾಪ, ಮರುದಿನ ಬಂದು ಅದೇ ಗಂಭೀರ ಧ್ವನಿಯಲ್ಲಿ ಎದುರು ಪಕ್ಷ ಹಿಡಿದರು. ತಂತ್ರವೂ ಇಲ್ಲ, ಸೈನ್ಯವೂ ಇಲ್ಲ, ಹೆದರಿ ಓಡಿದ್ದೇ ನಿಜ ಎಂದರು. ಅಮ್ಮ ಅವತ್ತು ಎರಡು ತುತ್ತು ಉಂಡಳು.

ಅಷ್ಟರಲ್ಲಿ, ಬೆಂಚಿನ ಮೇಲೆ ದಿನವೂ ಏಜೆಂಟರ ಎದುರು ವಾದಿಸುವ ಪಕ್ಕದ ಜೆರಾಕ್ಸ್ ಅಂಗಡಿಯವರು ಅದು ಸರಿ, ನಾನೂ ಅದನ್ನೇ ಹೇಳುತ್ತಿದ್ದೆ ಎಂದುಬಿಟ್ಟರು. ಅರ್ಥಧಾರಿಗೆ ಎದುರಾಳಿಯೇ ಒಪ್ಪಿಬಿಟ್ಟರೆ ಹೇಗೆ? ಏಜೆಂಟರು ತಕ್ಷಣ ತಿರುಗಿದರು. ಸೈನ್ಯ ಮತ್ತೆ ಅಡಗಿತು. ದಿನವೂ ಇದೇ ಆಯಿತು. ಅಮ್ಮ ಪ್ರತಿ ಸಲವೂ ಏಜೆಂಟರು ಹೇಳಿದ್ದನ್ನೆಲ್ಲ ಸೇರಿಸಿ ನನ್ನ ಫೋನಿನಲ್ಲಿ ಅಣ್ಣನಿಗೆ ವಾಯ್ಸ್ ಮೆಸೇಜು ಕಳಿಸುತ್ತಿದ್ದಳು: ಹೊರಗೆ ಬಾ ಮಗಾ, ಬರಬೇಡ ಮಗಾ, ಬಾ, ಬೇಡ. ಯಾವುದಕ್ಕೂ ಉತ್ತರವಿಲ್ಲ. ಒಂದೂ ತಲುಪಿಲ್ಲ ಎಂದುಕೊಂಡು ನಾನು ಮಷಿನ್ನಿಗೆ ತಲೆ ಬಗ್ಗಿಸಿ ಅಳುತ್ತಿದ್ದೆ.

ಒಂದು ಮಧ್ಯಾಹ್ನ ಫೋನ್ ಬಂತು. ಅಣ್ಣ. ಅಮ್ಮ ಹೆಸರು ಕರೆದಳು. ನಾನು ಸ್ಪೀಕರ್ ಹಾಕಿದೆ. ಅವನ ಮೆಸೇಜು ನಮಗೆ ಬರದಿದ್ದರೂ ನಮ್ಮದೆಲ್ಲ ಅವನಿಗೆ ತಲುಪಿತ್ತು. ಚಿಕ್ಕಂದಿನಿಂದ ಏಜೆಂಟರ ಅರ್ಥ ಕೇಳಿ ಬೆಳೆದವನು, ಪೂರ್ತಿ ನಂಬಿ, ಜೊತೆಯವರಿಗೂ ವಿವರಿಸಿ ಹೇಳಿದ್ದನಂತೆ. ಹೊರಗೆ ಬಸ್ಸಿನ ಸದ್ದು ಕೇಳುತ್ತಿದ್ದರೂ ಬೇಕರಿಯೊಳಗಿದ್ದ ಐವರೂ ಶಟರ್ ತೆಗೆದಿರಲಿಲ್ಲ.

"ಬನ್ನೂ ಮುಗೀತು ಕಣಮ್ಮಾ. ಏಜೆಂಟರ ಹತ್ರ ಕೇಳು, ಸೈನ್ಯ ಈಗ ಎಲ್ಲಿದೆ? ಹೊರಗೆ ಹೋಗ್ಬಹುದಾ?"

ಅಮ್ಮ ಫೋನನ್ನು ಏಜೆಂಟರ ಕೈಗೆ ಕೊಟ್ಟಳು. ಯಾವ ಸಭೆಯಲ್ಲೂ ಮಾತಿಗೆ ತಡವರಿಸದವರ ಹಣೆಯಲ್ಲಿ ಬೆವರು ಮೂಡಿತು. ನನಗೇನೂ ಗೊತ್ತಿಲ್ಲ ತಮ್ಮಾ, ನೀನೇ ಒಂಚೂರು ಕಿಟಕಿ ತೆಗೆದು ನೋಡು ಎಂದು ಸಣ್ಣ ದನಿಯಲ್ಲಿ ಹೇಳಿದರು.

ಅಮ್ಮ ಫೋನ್ ಕಸಿದುಕೊಂಡಳು.

"ತೆಗೀಬೇಡ ಮಗಾ, ಸ್ವಲ್ಪ ತಡಿ. ಜೆರಾಕ್ಸ್ ಅಂಗಡಿಯವ್ರು ಊಟಕ್ಕೆ ಹೋಗಿದಾರೆ, ಅವ್ರನ್ನೂ ಒಂದ್ಮಾತು ಕೇಳಣ."