ಕಾರ್ಬೊರೇಟರ್ ಮಾತ್ರ ತಣ್ಣಗೈತೆ

ಗ್ಯಾರೇಜ್ ಇಟ್ಟವನಿಗೆ ಕೈಗಿಂತ ಎದೆ ಗಟ್ಟಿ ಇರಬೇಕು. ಎಪ್ಪತ್ತರ ದಶಕದಲ್ಲಿ ಹೊನ್ನಾಳಿಯಲ್ಲಿ ನನ್ನ ಗ್ಯಾರೇಜಿದ್ದಾಗ ಎದೆ ಧಸಕ್ಕೆನ್ನುವ ಪ್ರಸಂಗಗಳು ನಡೀತಲೇ ಇದ್ದವು. ಅದರಲ್ಲೂ ನಮ್ಮ ಬೀದಿಯ ಡ್ರೈವರೊಬ್ಬನ ಹಳೇ ಪೆಟ್ರೋಲ್ ಟ್ಯಾಕ್ಸಿ ಹೆದರಿಸಿದಷ್ಟು ನನ್ನನ್ನು ಯಾವ ದೆವ್ವವೂ ಹೆದರಿಸಿಲ್ಲ.

ಮದುಮಗನ ರುಮಾಲು

ಬೇಸಿಗೆಯ ಮಟಮಟ ಮಧ್ಯಾಹ್ನ. ಸವಳಂಗದ ಮದುವೆಗೆ ಮದುಮಗನ ಜೊತೆ ಆ ಟ್ಯಾಕ್ಸಿಯಲ್ಲಿ ನಾನೂ ಹೊರಟಿದ್ದೆ. ಇನ್ನೇನು ಊರು ಬಂತು ಅನ್ನುವಾಗ ಕಾರು ಕೆಮ್ಮಿ ನಿಂತಿತು. ಇಂಜಿನ್ ಕಾವಿಗೆ, ಅದಕ್ಕೆ ಪೆಟ್ರೋಲು ಉಣಿಸುವ ಕಾರ್ಬೊರೇಟರಿನಲ್ಲೇ ಪೆಟ್ರೋಲು ಕುದೀತಿತ್ತು. "ಒಂದು ಒದ್ದೆ ಬಟ್ಟೆ ಕೊಡಪ್ಪಾ" ಅಂದೆ. ಡ್ರೈವರ್ ಹಿಂದಿನ ಸೀಟಿನಿಂದ ಏನೋ ಎಳೆದು, ಕಾಲುವೆಯಲ್ಲಿ ಅದ್ದಿ ಕೊಟ್ಟ. ಕಾರ್ಬೊರೇಟರಿಗೆ ಸುತ್ತಿದೆ. ತಣ್ಣಗಾಯಿತು. ಹೊರಟೆವು.

ಚಪ್ಪರದ ಮುಂದೆ ಇಳಿಯುವಾಗ ಮದುಮಗ ಕೇಳಿದ: "ನನ್ನ ರುಮಾಲು ಎಲ್ಲೈತೆ?"

ಬಾನೆಟ್ ಎತ್ತಿದೆ. ಆಗ ಕಂಡಿತು ಜರಿಯಂಚು! ಬೇರೆ ಗತಿಯಿಲ್ಲದೆ ಹುಡುಗ ಅದನ್ನೇ ಹಿಂಡಿ ಸುತ್ತಿಕೊಂಡ. ಗಮ್ಮಂತ ಪೆಟ್ರೋಲ್ ವಾಸನೆ. ಅಷ್ಟರಲ್ಲಿ ಮುತ್ತೈದೆಯರು ಆರತಿ ಹಿಡಿದು ಹತ್ತಿರ ಬಂದೇಬಿಟ್ಟರು. ನಾನು ಅಡ್ಡ ಬಂದು ಕೂಗಿದೆ:

"ಆರತಿ ದೂರ ಹಿಡೀರೀ! ಹುಡುಗ ಭಗ್ ಅಂತ ಹತ್ಕೊಂತಾನೆ!"

ಹೆಣ್ಣಿನ ಸೋದರತ್ತೆ ಮುಖ ಬಿಳಿಚಿಕೊಂಡು ಅಂದಳು: "ಅಷ್ಟು ಸಿಟ್ಟಿನವನಾ? ಮೊದ್ಲೇ ಹೇಳಾಕೆ ಏನಾಗಿತ್ತು!"

ಹಾರಿದ ಬಾನೆಟ್

ಮದುವೆ ಮುಗಿಸಿ ಬಂದವನೇ ಇದಕ್ಕೆ ಮದ್ದು ಹುಡುಕಿದೆ. ಇಂಜಿನ್ನಿಗೆ ಅಂಟಿದ ಬಿಸಿ ಕೊಳವೆ ಮ್ಯಾನಿಫೋಲ್ಡಿಗೂ ಕಾರ್ಬೊರೇಟರಿಗೂ ನಡುವೆ ಇದ್ದ ತೆಳು ಪ್ಯಾಕಿಂಗ್ ತೆಗೆದು, ಕಾವು ದಾಟದ ಹಾಗೆ ಬೇಕಲೈಟಿನ ದಪ್ಪ ಪ್ಯಾಕಿಂಗ್ ಕೂರಿಸಿದೆ. ಕಾರು ನಿಲ್ಲುವುದು ನಿಂತಿತು. ಡ್ರೈವರಿಗೆ ಎಷ್ಟು ಖುಷಿಯೆಂದರೆ, ನನಗೆ ಹೇಳದೆ ಉದ್ದನೆ ಬೋಲ್ಟ್ ತಂದು ತಾನೇ ಅಂಥವೇ ಇನ್ನೆರಡು ಪ್ಯಾಕಿಂಗ್ ಸೇರಿಸಿಬಿಟ್ಟ. ಕಾರ್ಬೊರೇಟರ್ ಎತ್ತರವಾಯಿತು, ಬಾನೆಟ್ ಮುಚ್ಚದಾಯಿತು. ಹಗ್ಗ ಕಟ್ಟಿದ.

"ಇದೇನೋ ಹಗ್ಗ?" ಅಂದೆ.

"ಚಿಲಕ ಸಡಿಲ ಆಗೈತಣ್ಣಾ. ಹತ್ರಿ."

ಸಾಸ್ವೆಹಳ್ಳಿ ದಾರಿಯಲ್ಲಿ ಹಗ್ಗ ಹರಿದು ಬಾನೆಟ್ ಧಡಾರನೆ ಎದ್ದು ಮುಂದಿನ ಗಾಜಿಗೆ ಬಡಿಯಿತು. ರಸ್ತೆಯೇ ಮಾಯ! "ಬ್ರೇಕ್! ಬ್ರೇಕ್!" ಅಂತ ಅರಚಿದೆ. ಕಾರು ಗದ್ದೆಯ ಬದುವಿಗೆ ಮುತ್ತಿಟ್ಟು ನಿಂತಿತು. ಡ್ರೈವರ್ ಇಳಿದವನೇ ಹೋಗಿ ಕಾರ್ಬೊರೇಟರ್ ಮುಟ್ಟಿ ನೋಡಿದ.

"ನೀವು ಏನೇ ಅನ್ರಿ ಅಣ್ಣಾ, ತಣ್ಣಗೈತೆ!"

ಅತ್ತೆಯ ಬೆಣ್ಣೆ

ಹೆಚ್ಚಿನ ಪ್ಯಾಕಿಂಗ್ ಕಿತ್ತೆಸೆದೆ. ಆದರೆ ತನ್ನ ಇಂಜಿನ್ ಬಾವಿಕಟ್ಟೆಯಷ್ಟು ತಂಪು ಅಂತ ಅವನು ಸಾರುವುದು ನಿಲ್ಲಲಿಲ್ಲ. ಒಂದು ದಿನ ಗೋವಿನಕೋವಿಯಿಂದ ತನ್ನ ಹೆಂಡತಿಯ ತಾಯಿ, ಅತ್ತೆಯನ್ನು ಕೂರಿಸಿಕೊಂಡು ಗ್ಯಾರೇಜಿಗೆ ಬಂದ. ನೋಡಿದರೆ ಬಾನೆಟ್ ಸಂದಿಯಿಂದ ದಟ್ಟ ಹೊಗೆ!

"ಬೆಂಕಿ! ಅತ್ತೇನ ಇಳಿಸೋ!" ಅಂತ ಕೂಗುತ್ತಾ ಮರಳಿನ ಬಕೆಟ್ ಹಿಡಿದು ಓಡಿದೆ. ಬಾನೆಟ್ ಎತ್ತಿದೆ. ಒಳಗೆ ಇಂಜಿನ್ ಮೇಲೆ ಒಂದು ಹಿತ್ತಾಳೆ ಪಾತ್ರೆ ಉಕ್ಕಿ ಚೆಲ್ಲುತ್ತಿತ್ತು.

"ಮಗಳಿಗೆ ಬೆಣ್ಣೆ ತಂದಾರೆ. ಬಿಸಿಲಿಗೆ ಕರಗ್ತದೆ ಅಂದ್ರು, ತಂಪಿಗಿರಲಿ ಅಂತ ಇಲ್ಲಿಟ್ಟೆ" ಅಂದ ಡ್ರೈವರ್.

ಬಕೆಟ್ ಕೈಯಲ್ಲೇ ಉಳಿಯಿತು. ಅತ್ತೆ ನಿಧಾನವಾಗಿ ಇಳಿದು ಬಂದರು. ಪಾತ್ರೆಗೆ ಬಗ್ಗಿ, ಮೂಸಿ, ಅಳಿಯನ ಕಡೆ ತಿರುಗಿದರು.

"ಅಳಿಯಂದ್ರೇ, ತುಪ್ಪ ಇನ್ನೂ ಹದಕ್ಕೆ ಬಂದಿಲ್ಲ. ನ್ಯಾಮತಿಗೊಂದು ಸುತ್ತು ಹೋಗಿ ಬರ್ರಿ."