ಅಧ್ಯಕ್ಷರ ಕೊರಳು, ಕಿತ್ತಿಟ್ಟ ತಲೆದಿಂಬು

ಧರ್ಮವು ಒಂಟಿಕಾಲಲ್ಲಿ ಕುಂಟುತ್ತಿರುವ ಈ ಕಲಿಯುಗದಲ್ಲಿ, ಧೂಳಿಧೂಸರ ಹುಬ್ಬಳ್ಳಿ ಮಹಾಪಟ್ಟಣದಲ್ಲಿ, ಬಡಾವಣೆಯ ನಿವಾಸಿಗಳ ಸಂಘಕ್ಕೆ ನೂತನ ಅಧ್ಯಕ್ಷರಾಗಿ ವಿಜೃಂಭಿಸಿದ ಉನ್ನತಗ್ರೀವ, ಸಭಾಮಂಡನ, ಧ್ವನಿವರ್ಧಕಪ್ರಿಯ ಅಂದಾನಪ್ಪ ಮುಳಗುಂದರ ಚರಿತೆಯನ್ನು, ಎಲೈ ವಾಗ್ದೇವಿಯೇ, ನನ್ನ ನಾಲಗೆಯ ಮೇಲೆ ನಿಂತು ನುಡಿಸು.

ಗೆದ್ದ ಮರುದಿನವೇ ಆ ಮಹಾನುಭಾವರು ಕಾರಿನ ಚಾಲಕಪೀಠದ ತಲೆದಿಂಬನ್ನು ಕಿತ್ತು ಮನೆಯ ಅಟ್ಟಕ್ಕೆಸೆದರು. ಹಿಂದೆ ಬರುವ ವಾಹನದವರಿಗೆ ಅಧ್ಯಕ್ಷಶಿರಸ್ಸಿನ ದರ್ಶನ ನಿರ್ವಿಘ್ನವಾಗಿ ದೊರೆಯಬೇಕೆಂಬುದೇ ಕಾರಣ.

ಬಡಾವಣೆಯ ಶಾಲೆಯಲ್ಲಿ ಏರ್ಪಟ್ಟ ಸನ್ಮಾನಕ್ಕೆ ಹೊರಟ ದಿನ, ಪಕ್ಕದಲ್ಲಿ ಕುಳಿತ ಪತ್ನಿ ಗುರುಸಿದ್ಧವ್ವ ತನ್ನ ದಿಂಬನ್ನು ಕಿವಿಯ ಮಟ್ಟಕ್ಕೆ ಎತ್ತಿಕೊಂಡಳು. “ನಿಮ್ದೂ ಹಾಕ್ಕೋರಿ. ಹಿಂದಿಂದ ಯಾರರ ಗುದ್ದಿದ್ರ ಕುತ್ತಿಗಿ ಉಳಿಯೂದಿಲ್ಲ.”

“ದಿಂಬಿಗೆ ಒರಗೋದು ಸೋತವರ ಲಕ್ಷಣ,” ಎಂದರು ವೀರರು. “ಈ ತಲಿ ಯಾರ ಮುಂದೂ ಬಾಗಿಲ್ಲ. ಹಿಂದಕ್ಕೂ ಬಾಗೂದಿಲ್ಲ.”

ಕೆಂಪು ದೀಪದ ಬಳಿ ಕಾರು ನಿಂತಿತು. ಆಗ ಪ್ರಳಯಮೇಘದಂತೆ ಗುಡುಗುತ್ತ, ಬದನೆಕಾಯಿಗಳ ಅಕ್ಷೌಹಿಣಿಯನ್ನು ಹೊತ್ತ ಟೆಂಪೊವೊಂದು ಹಿಂದಿನಿಂದ ಬಂದು ತಾಗಿತು. ಆಸನವು ಅಧ್ಯಕ್ಷರ ಬೆನ್ನನ್ನು ಮುಂದಕ್ಕೆ ನೂಕಿತು. ಪದವಿಭಾರದ ಶಿರಸ್ಸು ಮಾತ್ರ ಹಿಂದುಳಿದು, ತಡೆಯಿಲ್ಲದ ಶೂನ್ಯಕ್ಕೆ ವಾಲಿ, ಮರುಕ್ಷಣವೇ ಚಾಟಿಯ ತುದಿಯಂತೆ ಮುಂದಕ್ಕೆ ಬೀಸಿತು. ಗುರುಸಿದ್ಧವ್ವನ ತಲೆ ದಿಂಬಿಗೆ ತಗುಲಿ ಅಲ್ಲೇ ನಿಂತಿತು. ಮುಡಿದ ಮಲ್ಲಿಗೆಯಷ್ಟೇ ನಲುಗಿತು.

“ಬ್ರೇಕ್ ಮ್ಯಾಲಿನ ಕಾಲು ಸರೀತ್ರಿ ಯಜಮಾನ್ರ,” ಎಂದ ಟೆಂಪೊದವನು.

ವೀರರು ಕೆಳಗಿಳಿದು ಗರ್ಜಿಸಿದರು: “ಸಿಡಿಲಿಗೆ ನಡುಗದ ಕೊರಳಿದು, ನಿನ್ನ ಬದನಿಕಾಯಿಗೆ ಅಂಜತೈತೇನು? ಹೋಗು, ಜೀವದಾನ ಕೊಟ್ಟೀನಿ.”

ವೇದಿಕೆಯೇರುವ ಹೊತ್ತಿಗೆ ಆ ಕೊರಳು ಕಲ್ಲಾಗಿತ್ತು. ಗಿಡ್ಡನೆಯ ಮುಖ್ಯೋಪಾಧ್ಯಾಯಿನಿ ಹಾರ ಎತ್ತಿ ಹಿಡಿದು ಕಾದರು, ಅಧ್ಯಕ್ಷರು ಬಾಗಲಿಲ್ಲ. “ಗೆದ್ದು ವಾರಾಗಿಲ್ಲ, ಸೊಕ್ಕು ನೋಡ್ರಿ,” ಎಂದಿತು ಮುಂದಿನ ಸಾಲು. ಆಕೆ ಕುರ್ಚಿ ಹತ್ತಿ ಹಾರವನ್ನೆಸೆದಾಗ ಅದು ಒಂದು ಕಿವಿಗೆ ಸಿಕ್ಕಿ ಜೋತಾಡಿತು. ನೋವಿಗೆ ಕಣ್ಣೀರು ಧಾರೆಯಾಯಿತು. ಆನಂದಬಾಷ್ಪವೆಂದು ಪತ್ರಿಕೆಯವನು ಬರೆದುಕೊಂಡ.

ಆಸ್ಪತ್ರೆಯಲ್ಲಿ ವೈದ್ಯರು ಕೊರಳಪಟ್ಟಿ ಬಿಗಿದರು. “ಎಲುಬು ಮುರಿದಿಲ್ಲ, ಸ್ನಾಯು ಎಳದಾವ. ಟೆಂಪೊ ಭಾಳ ಜೋರಿತ್ತೇನು?”

ಆ ಘೋರಸಂಗ್ರಾಮವನ್ನು ಬಣ್ಣಿಸಲು ಅಂದಾನಪ್ಪನವರು ಬಾಯಿ ತೆರೆದರು. ಪಟ್ಟಿ ಗದ್ದಕ್ಕೆ ಒತ್ತಿತು, ಮಾತು ಹೊರಡಲಿಲ್ಲ.

“ಇಲ್ರಿ ಡಾಕ್ಟರ್,” ಎಂದಳು ಗುರುಸಿದ್ಧವ್ವ. “ಬಾಜೂಕ ಕೋಲೂರಿಕೊಂತ ಹೊಂಟಿದ್ದ ಮುದುಕಿ ಅದಕ್ಕಿಂತ ಮುಂದಿದ್ಲು.”