ಕಾಣದ ಪದಾರ್ಥವೂ ನಮ್ಮ ಬಾಮೈದನೂ

ಮನೆಯಲ್ಲೊಬ್ಬ ದೊಡ್ಡ ಮನುಷ್ಯ ಇದ್ದರೆ ಇಂಥವೆಲ್ಲ ನಡೀತಾನೇ ಇರುತ್ತವೆ. ನಮ್ಮ ಬಾಮೈದ, ಅಂದರೆ ನನ್ನ ಹೆಂಡತಿಯ ತಮ್ಮ, ಹೊರದೇಶದಲ್ಲಿ ದೊಡ್ಡ ಭೌತ ವಿಜ್ಞಾನಿ. ಪೇಪರಲ್ಲಿ ಫೋಟೋ ಬರುತ್ತೆ. ತಾಯಿ ಇಲ್ಲದ ಹುಡುಗ. ಸಾಕಿದವಳು ನನ್ನವಳು. ಇವನನ್ನು ನೋಡಿಕೊಳ್ಳೋಕೆ ಅಂತ ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟಳು. ಮದುವೆಯಾಗಿ ನಮ್ಮನೆಗೆ ಬಂದಾಗ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಇವನು.

ಅವಳಿಗೆ ಒಂದೇ ಆಸೆ ಇತ್ತು. ನಾಲ್ಕು ಜನರ ಮುಂದೆ ಅವನು ಒಂದು ಸಲ "ನಮ್ಮಕ್ಕ" ಅನ್ನಬೇಕು. ಅಷ್ಟೇ.

ಈ ವರ್ಷ ರಾಗಿ ಕೊಯ್ಲಿಗೆ ಮುಂಚೆ ಅವಳು ಹೋಗ್ಬುಟ್ಟಳು. ನನಗೆ ಬರೆಯೋದು ಅಷ್ಟಾಗಿ ಬರಲ್ಲ. ಮಾತಾಡೋಕೆ ಮನೇಲಿ ಯಾರೂ ಇಲ್ಲ. ಅದಕ್ಕೆ ಬರೀತಿದ್ದೀನಿ.

ಪರ್ಮನೆಂಟು

ಬಾಮೈದನಿಗೆ ಹೆಣ್ಣು ನೋಡೋಕೆ ಹೋಗಿದ್ದೆವು. ಹೆಣ್ಣಿನ ಅಪ್ಪ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಕೇಳಬೇಕಾದ್ದನ್ನೆಲ್ಲ ನನ್ನವಳನ್ನೇ ಕೇಳಿದರು.

"ಹುಡುಗ ಏನು ಮಾಡ್ತಾನಮ್ಮಾ?"

"ಯೋಚನೆ ಮಾಡ್ತಾನೆ."

"ಮಿಷಿನ್ ಯಾವುದು?"

"ಮಿಷಿನ್ ಇಲ್ಲ. ಪೆನ್ನು, ಕಾಗದ. ಥಿಯರಿ ಅಂತಾರಂತೆ."

"ಶಿಫ್ಟು?"

"ಊಟದ ಹೊತ್ತಲ್ಲೂ ಮಾಡ್ತಾನೆ."

ಅವರು ಹುಡುಗನ ಮುಖ ನೋಡಿದರು. ಹುಡುಗ ಅವರ ಫ್ಯಾನು ನೋಡ್ತಿದ್ದ. ಹೆಣ್ಣು ಕಾಫಿ ತಂದು ಕೊಟ್ಟು ಒಳಗೆ ಹೋಗಿದ್ದೂ ಅವನಿಗೆ ಗೊತ್ತಾಗಲಿಲ್ಲ.

"ಪರ್ಮನೆಂಟಾ?" ಅಂದರು ಅವರು.

"ಹುಟ್ಟಿದಾಗಿಂದ್ಲೂ ಹಿಂಗೇ ಸಾರ್" ಅಂದಳು ಇವಳು.

ತಟ್ಟೆ

ಆಮೇಲೆ ಅವನು ಬಹಳ ದೊಡ್ಡವನಾದ. ಅವನ ಹೆಸರು ಬೆಳೆದಿದ್ದೇ ಕಾಣದ ಪದಾರ್ಥದಿಂದ. ಅದೇನು ಅಂತ ಒಂದು ಸಲ ರಜೆಗೆ ಬಂದಾಗ ಊಟಕ್ಕೆ ಕೂತು ಹೇಳಿದ.

"ಆಕಾಶದ ತುಂಬ ಒಂದು ಪದಾರ್ಥ ಐತೆ ಬಾವ. ಕಣ್ಣಿಗೆ ಕಾಣಲ್ಲ. ಕೈಗೆ ಸಿಕ್ಕಲ್ಲ."

"ಕಾಣ್ದಿದ್ರೆ ಐತೆ ಅಂತ ಹೆಂಗಪ್ಪ ಹೇಳ್ತೀಯ?"

"ಅದಿಲ್ದಿದ್ರೆ ನಕ್ಷತ್ರ ಎಲ್ಲಾ ಚದುರಿ ಹೋಗ್ತಿದ್ವು. ಹಿಡಿದಿಟ್ಟಿರೋದೇ ಅದು."

ಹೀಗೆ ಹೇಳ್ತಾ ಹೇಳ್ತಾ ಮುದ್ದೆ ನುಂಗಿದ. ಇವಳು ಇನ್ನೊಂದು ಹಾಕಿದಳು. ಅದನ್ನೂ ನುಂಗಿದ. ಸಾರು ಬಿಟ್ಟಳು. ಅದೂ ಹೋಯಿತು. ಊಟ ಮುಗಿದ ಮೇಲೆ ತಟ್ಟೆ ಮೇಲೇ ಕೈ ತೊಳೆದ. ಇವಳು ತಟ್ಟೆ ಎತ್ತಿಕೊಂಡು ಹೋದಳು.

ನನಗೆ ತಡೆಯಲಿಲ್ಲ. "ಅಲ್ಲಾ ಕಣ್ಲಾ, ಎರಡನೇ ಮುದ್ದೆ ಯಾರು ಹಾಕಿದ್ರು?" ಅಂದೆ.

ಅವನು ತಟ್ಟೆ ಇದ್ದ ಜಾಗ ನೋಡಿದ. ಯೋಚನೆ ಮಾಡಿದ.

"ತಟ್ಟೇಲೇ ಇತ್ತಲ್ವಾ ಬಾವ?"

ಧೈರ್ಯ

ಅದೇ ರಜೆಯಲ್ಲಿ ಸಾನಮಾವು ಕಾಡಿನ ಹತ್ತಿರ ನಮ್ಮ ಹೊಲ ನೋಡೋಕೆ ಬಂದ. ಕಾಡಂಚಲ್ಲಿ ಆನೆ. ಎಲ್ಲರೂ ಓಡಿದೆವು. ಇವನು ನಿಂತೇ ಇದ್ದ. ಗಾಳಿ ಯಾವ ಕಡೆ ಐತೆ, ಆನೆ ಯಾವ ಕಡೆ ತಿರುಗಬಹುದು ಅಂತ ಲೆಕ್ಕ ಹಾಕ್ತಿದ್ದನಂತೆ. ಆನೆಗೆ ಲೆಕ್ಕ ಗೊತ್ತಿಲ್ಲ. ನೇರ ಬಂತು. ನನ್ನವಳು ವಾಪಸ್ಸು ಹೋಗಿ ಕಾಲರ್ ಹಿಡಿದು ಎಳೆದುಕೊಂಡು ಬಂದಳು. ಯಾರೋ ಫೋನಲ್ಲಿ ಫೋಟೋ ತೆಗೆದಿದ್ದರು. ಪೇಪರಲ್ಲಿ ಹಾಕಿದರು. ಆನೆ ಮುಂದೆ ಧೈರ್ಯವಾಗಿ ನಿಂತ ವಿಜ್ಞಾನಿ.

ಫೋಟೋದಲ್ಲಿ ಕಾಲರ್ ಹಿಡಿದಿದ್ದ ಕೈ ಕತ್ತರಿಸಿ ಹಾಕಿದ್ದರು. ಬಳೆ ಮಾತ್ರ ಚೂರು ಉಳಿದಿತ್ತು.

ನಾಯಿ

ಹೊಸೂರಲ್ಲಿ ಒಂದು ಸನ್ಮಾನ. ಇವಳು ಹೊಸ ಸೀರೆ ಉಟ್ಟಳು. ಮುಂದಿನ ಸಾಲಲ್ಲಿ ಕೂತೆವು. ಬಾಮೈದ ಎದ್ದು ನಿಂತ. ಪಾಠ ಹೇಳಿದ ಗುರುಗಳನ್ನ ನೆನೆದ. ಅವರು ಹೊರದೇಶದವರು. ಅವರ ಹೆಂಡತಿಯನ್ನ ನೆನೆದ.

"ಇನ್ನೊಂದು ಜೀವ ಇದೆ" ಅಂದ. "ಕಷ್ಟದ ದಿನಗಳಲ್ಲಿ ನನ್ನ ಜೊತೆ ಕೂತಿತ್ತು. ಅದನ್ನ ಹೇಳದೆ ಇದ್ದರೆ ತಪ್ಪಾಗುತ್ತೆ."

ಇವಳು ಸೆರಗು ಸರಿ ಮಾಡಿಕೊಂಡಳು. ಅರ್ಧ ಎದ್ದೂ ಇದ್ದಳು.

ಅದು ಗುರುಗಳ ಮನೆ ನಾಯಿ. ಹೆಸರು ಸಮೇತ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಇವಳೂ ತಟ್ಟಿದಳು.

ವಾಪಸ್ಸು ಬಸ್ಸು ಹತ್ತಿದೆವು. ಮೂಕಂಡಪಲ್ಲಿ ದಾಟಿದ ಮೇಲೆ ಕಿಟಕಿ ಕಡೆ ನೋಡ್ತಾ ಅಂದಳು.

"ಒಳ್ಳೇ ನಾಯಿ ಇರ್ಬೇಕು ಕಣ್ರೀ."

ಎರಡು ಫ್ಲೆಕ್ಸು

ಇವಳು ಹೋದಾಗ ಬಾಮೈದನಿಗೆ ಬರೋಕೆ ಆಗಲಿಲ್ಲ. ಅಲ್ಲಿ ಏನೋ ದೊಡ್ಡ ಪ್ರಶಸ್ತಿ ಕೊಡ್ತಿದ್ದರು. ಹನ್ನೊಂದನೇ ದಿನದ ಕಾರ್ಯಕ್ಕೆ ಬತ್ತೀನಿ ಅಂದ. ಅದು ನಮ್ಮ ಏರಿಯಾ ಲೀಡರ್ ಕಿವಿಗೆ ಬಿತ್ತು. ಬರೋದೇ ಬರ್ತಾರೆ, ಸ್ವಾಗತಾನೂ ಮುಗಿಸಿಬಿಡೋಣ ಅಂದರು.

ನಮ್ಮ ತಮಿಳು ಗಡಿ ಕಡೆ ಹುಟ್ಟಿದರೂ ಫ್ಲೆಕ್ಸು, ಸತ್ತರೂ ಫ್ಲೆಕ್ಸು. ಲೀಡರ್ ಸ್ವಾಗತದ ಫ್ಲೆಕ್ಸಿಗೆ ಹೇಳಿದರು. ನಾನು ಇವಳ ಕಣ್ಣೀರ ಅಂಜಲಿ, ಅಂದರೆ ಶ್ರದ್ಧಾಂಜಲಿ ಫ್ಲೆಕ್ಸಿಗೆ ಹೇಳಿದೆ. ಅಂಗಡಿ ಒಂದೇ. ಬೆಳಿಗ್ಗೆ ನಮ್ಮ ರಸ್ತೆ ತಿರುವಿನಲ್ಲಿ ನೋಡ್ತೀನಿ, ಎದುರು ಬದುರು ಎರಡೂ ನಿಂತಿವೆ. ಒಂದರಲ್ಲಿ ಇವಳು. ಮೂಗುಬೊಟ್ಟು, ಹಣೆ ತುಂಬ ಕುಂಕುಮ. ಕೆಳಗೆ ತಮಿಳಲ್ಲಿ, ವಿಶ್ವ ಮೆಚ್ಚಿದ ವಿಜ್ಞಾನಿಗೆ ಸ್ವಾಗತ. ಇನ್ನೊಂದರಲ್ಲಿ ಬಾಮೈದ. ಕೋಟು ಹಾಕಿದ್ದಾನೆ. ಎರಡು ಕಡೆ ದೀಪ, ಮೇಲೆ ಹಾರ, ಕೆಳಗೆ ಕಣ್ಣೀರ ಅಂಜಲಿ.

ಅಂಗಡಿಯವನನ್ನ ಕರೆಸಿದೆವು. "ರೆಂಡು ಪೇರಿಗೂ, ಇಬ್ರಿಗೂ ಒಂದೇ ಮೂಗು ಅಣ್ಣಾ, ನಾನೇನು ಮಾಡ್ಲಿ" ಅಂದ.

ಅಷ್ಟರಲ್ಲಿ ಸ್ಕೂಲು ಮಕ್ಕಳು ಬಂದರು. ಸ್ವಾಗತಕ್ಕೆ ಅಂತ ಲೀಡರೇ ಹೇಳಿ ಕಳಿಸಿದ್ದರು. ಮೇಷ್ಟ್ರು ಹೊಸಬರು. ಮಕ್ಕಳನ್ನ ಇವಳ ಫ್ಲೆಕ್ಸ್ ಮುಂದೆ ಸಾಲಾಗಿ ನಿಲ್ಲಿಸಿ ಕೈ ಮುಗಿಸಿದರು. ಈ ಅಮ್ಮನ ತರ ಓದಬೇಕು ಅಂದರು.

ಮುಂದೆ ನಿಂತಿದ್ದ ಹುಡುಗಿ ಕೇಳಿದಳು. "ಇವರು ಏನು ಕಂಡುಹಿಡಿದರು ಸಾರ್?"

ಮೇಷ್ಟ್ರು ಕಂಠಪಾಠ ಮಾಡಿಕೊಂಡು ಬಂದಿದ್ದರು. "ಅದು ಕಣ್ಣಿಗೆ ಕಾಣಲ್ಲಮ್ಮ. ಆದರೆ ಅದಿಲ್ದಿದ್ರೆ ಎಲ್ಲಾ ಚದುರಿ ಹೋಗುತ್ತೆ."

ಬಾಮೈದ ಕಾರಿಳಿದು ಹಿಂದೇನೇ ನಿಂತಿದ್ದ. ನಾವು ಯಾರೂ ನೋಡಿರಲಿಲ್ಲ. ಲೀಡರ್ ಹೆದರಿಬಿಟ್ಟರು. "ತಪ್ಪಾಗೋಗಿದೆ ಸಾರ್. ಈಗ್ಲೇ ಕಿತ್ತಾಕಿಸ್ತೀನಿ."

ಅವನು ಅಕ್ಕನ ಫ್ಲೆಕ್ಸನ್ನ ತುಂಬಾ ಹೊತ್ತು ನೋಡಿದ. ಹೆಣ್ಣು ನೋಡೋಕೆ ಹೋದಾಗ ಫ್ಯಾನ್ ನೋಡಿದ ಹಾಗಲ್ಲ.

"ಬೇಡ, ಇರ್ಲಿ" ಅಂದ. ಮಕ್ಕಳ ಕಡೆ ತಿರುಗಿದ. "ಇವರು ನಮ್ಮಕ್ಕ" ಅಂದ. "ಎರಡನೇ ಮುದ್ದೆ ಇವರೇ ಹಾಕ್ತಿದ್ದಿದ್ದು."

ನಾಲ್ಕು ಜನರ ಮುಂದೆ ಹೇಳಿದ. ಕೇಳಬೇಕಾದವಳು ಕಂಬದ ಮೇಲಿದ್ದಳು.

ಮುದ್ದೆ ವಿಷಯ ಮಕ್ಕಳಿಗೆ ಏನೂ ತಿಳಿಯಲಿಲ್ಲ. ಆ ಹುಡುಗಿ ಇವನ ಮುಖ ನೋಡಿದಳು. ಎದುರುಗಡೆ ಫ್ಲೆಕ್ಸು ನೋಡಿದಳು. ಹಾರ, ದೀಪ, ಕಣ್ಣೀರ ಅಂಜಲಿ. ಮತ್ತೆ ಇವನ ಮುಖ ನೋಡಿದಳು. "ಸಾರ್, ಇವರು ಸತ್ತೋಗಿದ್ದಾರೆ" ಅಂದಳು.

ಆಮೇಲೆ ಅಲ್ಲಿ ಒಂದು ಮಗೂನೂ ನಿಲ್ಲಲಿಲ್ಲ. ಅವಲಪಲ್ಲಿ ಕಡೆ ಹಿಂದೆ ನೋಡದೆ ಓಡಿದವು.

ಎಲ್ಲರಿಗಿಂತ ಮುಂದೆ ಓಡಿದವರು ಮೇಷ್ಟ್ರು. ಅವರು ವಿಜ್ಞಾನದ ಮೇಷ್ಟ್ರಂತೆ.